ಮಲ ಹೊರುವ ಪದ್ಧತಿ ಬಗ್ಗೆ ಎಂ.ಎ. ಪ್ರಬಂಧ: ನಂಬಬಹುದಾದ ಆಕರ ಎಲ್ಲಿ ಸಿಗುತ್ತೆ?

ಎಂಎ_ನಾಲ್ಕನೇ_ಸೆಮ್:

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರ ಎಂ.ಎ., ಮಾನವ ಹಕ್ಕುಗಳ ಪತ್ರಿಕೆಗೆ ಆರು ಸಾವಿರ ಪದಗಳ ಪ್ರಬಂಧ ಕೊಡಬೇಕು. ವಿಷಯ: 2013ರ ಕಾಯ್ದೆ ಬಂದ ಮೇಲೆ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿ ಮತ್ತು ಮ್ಯಾನ್‌ಹೋಲ್ ಸಾವುಗಳು. ಐದು ವಾರ ಟೈಮ್ ಇದೆ. ಗೈಡ್ ಹಾಕಿರೋ ಷರತ್ತು: ಕನಿಷ್ಠ 20 ಆಕರ, ಅದರಲ್ಲಿ ಅರ್ಧದಷ್ಟು ಮೂಲ ದಾಖಲೆ, ವಿಕಿಪೀಡಿಯ ಬೇಡವೇ ಬೇಡ.

ಹುಡುಕಿದಷ್ಟೂ ಗೊಂದಲ ಜಾಸ್ತಿಯಾಗ್ತಿದೆ. ಒಂದು ಕಡೆ ದೇಶದಲ್ಲಿ ಮಲ ಹೊರುವವರು 58,098 ಅಂತ ಇದೆ, ಇನ್ನೊಂದು ಕಡೆ 66,692, ಮತ್ತೊಂದು ಲೇಖನದಲ್ಲಿ ಏಳು ಲಕ್ಷ ಚಿಲ್ಲರೆ. ಸಾವಿನ ವಿಷಯಕ್ಕೆ ಬಂದ್ರೆ ಒಂದು ಸರ್ಕಾರಿ ಉತ್ತರ 340 ಅನ್ನುತ್ತೆ, ಇನ್ನೊಂದು ಒಂದೂ ಇಲ್ಲ ಅನ್ನುತ್ತೆ. ಯಾವುದನ್ನ ಹಾಕಲಿ? ನಮ್ಮ ಕಾಲೇಜಲ್ಲಿ ದುಡ್ಡು ಕಟ್ಟಿ ತರಿಸೋ ಕಾನೂನು ಡೇಟಾಬೇಸ್ ಯಾವುದೂ ಇಲ್ಲ. ಆರ್‌ಟಿಐ ಹಾಕಿದ್ರೆ ಇಷ್ಟರೊಳಗೆ ಏನಾದ್ರೂ ಬರುತ್ತಾ?

---

ಕಾನೂನು_ಕಪಾಟು:

ಅಂಕಿ ಹುಡುಕುವ ಮೊದಲು ಕಾಯ್ದೆಯ 2ನೇ ಕಲಂ ಓದಿ. ನಿಮ್ಮ ಗೊಂದಲದ ಮುಕ್ಕಾಲು ಭಾಗ ಅಲ್ಲೇ ಬಗೆಹರಿಯುತ್ತೆ.

ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಅಧಿನಿಯಮ, 2013 (ಆ ವರ್ಷದ 25ನೇ ಕಾಯ್ದೆ) ಜಾರಿಗೆ ಬಂದದ್ದು 2013ರ ಡಿಸೆಂಬರ್ 6ರಂದು. ಪಠ್ಯ ಇಂಡಿಯಾ ಕೋಡ್ ತಾಣದಲ್ಲಿ ಉಚಿತ. 2(1)(ಜಿ) ಪ್ರಕಾರ ಮ್ಯಾನ್ಯುಯಲ್ ಸ್ಕ್ಯಾವೆಂಜರ್ ಅಂದ್ರೆ ಅನೈರ್ಮಲ್ಯದ ಶೌಚಾಲಯ, ಅದರ ಮಲ ಹೋಗಿ ಬೀಳುವ ತೆರೆದ ಚರಂಡಿ ಅಥವಾ ಗುಂಡಿ, ರೈಲ್ವೆ ಹಳಿ, ಇಂಥ ಕಡೆ ಕೈಯಿಂದ ಮಲ ತೆಗೆಯುವ, ಸಾಗಿಸುವ ವ್ಯಕ್ತಿ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಯುವವರ ವಿಷಯ ಬರುವುದು ಬೇರೆ ಕಡೆ, 2(1)(ಡಿ)ಯಲ್ಲಿ, ‘ಅಪಾಯಕಾರಿ ಶುಚಿಕಾರ್ಯ’ ಎಂಬ ಹೆಸರಿನಲ್ಲಿ. ಅದರಲ್ಲೂ ಒಂದು ಕೊಕ್ಕೆ ಇದೆ: ಕೆಲಸ ಕೊಟ್ಟವನು ರಕ್ಷಣಾ ಸಾಮಗ್ರಿ, ಸಲಕರಣೆ ಕೊಡದೆ, ಸುರಕ್ಷತಾ ಕ್ರಮ ಪಾಲಿಸದೆ ಇಳಿಸಿದರೆ ಮಾತ್ರ ಅದು ‘ಅಪಾಯಕಾರಿ’. ಹಾಗಾಗಿ ಮ್ಯಾನ್‌ಹೋಲ್‌ನಲ್ಲಿ ಸತ್ತ ಕಾರ್ಮಿಕ ಕಾಯ್ದೆಯ ಲೆಕ್ಕದಲ್ಲಿ ಮ್ಯಾನ್ಯುಯಲ್ ಸ್ಕ್ಯಾವೆಂಜರ್ ಅಲ್ಲ. ‘ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್‌ನಿಂದ ಸತ್ತವರು ಎಷ್ಟು’ ಅಂತ ಕೇಳಿದ್ರೆ ಸೊನ್ನೆ ಅಂತ ಉತ್ತರ ಬರೋದು ಈ ದಾರಿಯಲ್ಲಿ. ನನ್ನ ಮಟ್ಟಿಗೆ ನಿಮ್ಮ ಪ್ರಬಂಧದ ಜೀವಾಳ ಇದೇ.

ಶಿಕ್ಷೆಯೂ ಬೇರೆ ಬೇರೆ. ಶೌಚಾಲಯದ ಕಲಂ (5) ಮುರಿದರೆ 8ನೇ ಕಲಂ ಪ್ರಕಾರ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ 50,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯ ಕಲಂ (7) ಮುರಿದರೆ 9ನೇ ಕಲಂ: ಮೊದಲ ಸಲ ಎರಡು ವರ್ಷ ಅಥವಾ ಎರಡು ಲಕ್ಷ, ಮತ್ತೆ ಮಾಡಿದರೆ ಐದು ವರ್ಷ ಅಥವಾ ಐದು ಲಕ್ಷ. ಇವೆರಡನ್ನೂ ಕಲಸಿ ಒಂದೇ ಸಾಲಲ್ಲಿ ಬರೆಯೋದು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮಾಮೂಲಿ. ಕಾಯ್ದೆ ಜೊತೆ 2013ರ ನಿಯಮಗಳನ್ನೂ ತೆಗೆದಿಟ್ಟುಕೊಳ್ಳಿ. ರಕ್ಷಣಾ ಸಾಮಗ್ರಿಯ ಪಟ್ಟಿ ಇರೋದು ಅಲ್ಲಿ, ಕಾಯ್ದೆಯಲ್ಲಲ್ಲ.

1993ರ ಹಳೇ ಕಾಯ್ದೆಯನ್ನೂ ಬಿಡಬೇಡಿ. ಸಂವಿಧಾನದ 252ನೇ ವಿಧಿಯಡಿ ಆರು ರಾಜ್ಯಗಳ ಶಾಸಕಾಂಗಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ ಸಂಸತ್ತು ಮಾಡಿದ ಕಾಯ್ದೆ ಅದು: ಆಂಧ್ರ, ಗೋವಾ, ಕರ್ನಾಟಕ, ಮಹಾರಾಷ್ಟ್ರ, ತ್ರಿಪುರಾ, ಪಶ್ಚಿಮ ಬಂಗಾಳ. ಪೀಠಿಕೆಯಲ್ಲೇ ಕರ್ನಾಟಕದ ಹೆಸರಿದೆ. ನಿಮ್ಮ ವಿಷಯ ಕರ್ನಾಟಕ ಆದ್ದರಿಂದ ಮೊದಲ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆ ಮೂಲ ದಾಖಲೆ ಬೇಡ.

ತೀರ್ಪುಗಳು ಇಷ್ಟು ಸಾಕು:

ಡೆಲ್ಲಿ ಜಲ್ ಬೋರ್ಡ್ ಪ್ರಕರಣ, (2011) 8 ಎಸ್‌ಸಿಸಿ 568 (ಎಸ್‌ಸಿಸಿ ಅಂದ್ರೆ ಸುಪ್ರೀಂ ಕೋರ್ಟ್ ತೀರ್ಪುಗಳ ವರದಿ ಸರಣಿ). ಒಳಚರಂಡಿ ಕಾರ್ಮಿಕರ ಸಾವು, ಪರಿಹಾರ.

ಸಫಾಯಿ ಕರ್ಮಚಾರಿ ಆಂದೋಲನ್ ವಿರುದ್ಧ ಭಾರತ ಒಕ್ಕೂಟ, (2014) 11 ಎಸ್‌ಸಿಸಿ 224, ತೀರ್ಪಿನ ದಿನ 2014ರ ಮಾರ್ಚ್ 27. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ ಹತ್ತು ಲಕ್ಷ ಕೊಡಬೇಕು ಎಂದದ್ದು ಇಲ್ಲಿ.

ಬಲರಾಮ್ ಸಿಂಗ್ ವಿರುದ್ಧ ಭಾರತ ಒಕ್ಕೂಟ, 2023 ಐಎನ್‌ಎಸ್‌ಸಿ 950 (ಇದು ಸುಪ್ರೀಂ ಕೋರ್ಟೇ ಕೊಡುವ ತೀರ್ಪು ಸಂಖ್ಯೆ), 2023ರ ಅಕ್ಟೋಬರ್ 20. ಆ ಹತ್ತು ಲಕ್ಷ ಮೂವತ್ತು ಲಕ್ಷ ಆಯಿತು. ಶಾಶ್ವತ ಅಂಗವೈಕಲ್ಯಕ್ಕೆ ಇಪ್ಪತ್ತು ಲಕ್ಷಕ್ಕೆ ಕಡಿಮೆ ಇಲ್ಲದಂತೆ, ಇತರ ಅಂಗವೈಕಲ್ಯಕ್ಕೆ ಹತ್ತು ಲಕ್ಷಕ್ಕೆ ಕಡಿಮೆ ಇಲ್ಲದಂತೆ. ಈಗಲೂ ‘ಪರಿಹಾರ ಹತ್ತು ಲಕ್ಷ’ ಅಂತ ಬರೆಯುವ ಲೇಖನ ಕಂಡರೆ ಅದು 2023ಕ್ಕಿಂತ ಹಳೇದು, ಇಲ್ಲವೇ ಹಳೇದರ ನಕಲು.

ಕರ್ನಾಟಕ ಹೈಕೋರ್ಟ್‌ನದು: ಎಐಸಿಸಿಟಿಯು ಎಂಬ ಕಾರ್ಮಿಕ ಸಂಘಟನೆ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ 2020ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಕೊಟ್ಟ ಆದೇಶ. ರಾಜ್ಯ ಏನೇನು ಮಾಡಬೇಕು ಅನ್ನೋದು ಅಲ್ಲಿದೆ.

ಬಲರಾಮ್ ಸಿಂಗ್ ಪ್ರಕರಣ ಅಲ್ಲಿಗೇ ಮುಗಿದಿಲ್ಲ. ಅದೇ ಪ್ರಕರಣದಲ್ಲಿ 2025ರ ಜನವರಿ 29ರಂದು ಬೆಂಗಳೂರೂ ಸೇರಿ ಆರು ಮಹಾನಗರಗಳ ಬಗ್ಗೆ ಇನ್ನೊಂದು ಆದೇಶ ಬಂತು. ತೀರ್ಪು ಓದಿ ಸುಮ್ಮನಾಗದೆ, ಸುಪ್ರೀಂ ಕೋರ್ಟ್ ತಾಣದ ‘ಕೇಸ್ ಸ್ಟೇಟಸ್’ನಲ್ಲಿ ರಿಟ್ ಅರ್ಜಿ (ಸಿವಿಲ್) 324/2020 ಹಾಕಿ, ಆಮೇಲಿನ ದೈನಂದಿನ ಆದೇಶಗಳನ್ನೂ ನೋಡಿ.

ದುಡ್ಡಿನ ಡೇಟಾಬೇಸ್ ಇಲ್ಲ ಅಂತ ಚಿಂತೆ ಬೇಡ. ಸುಪ್ರೀಂ ಕೋರ್ಟ್‌ನ ತೀರ್ಪುಗಳ ತಾಣ ಇ-ಎಸ್‌ಸಿಆರ್ ಉಚಿತ, ಹೈಕೋರ್ಟ್ ತೀರ್ಪುಗಳು ಇ-ಕೋರ್ಟ್ಸ್ ತೀರ್ಪು ತಾಣದಲ್ಲಿವೆ, ಇಂಡಿಯನ್ ಕಾನೂನ್ ತಾಣದಲ್ಲಿ ಹುಡುಕೋದು ಸಲೀಸು. ಹುಡುಕೋದು ಅಲ್ಲಿ, ಉಲ್ಲೇಖಿಸೋದು ಕೋರ್ಟಿನ ಪಿಡಿಎಫ್‌ನಿಂದ. ಪುಟ ಸಂಖ್ಯೆ ಬದಲು ಪ್ಯಾರಾ ಸಂಖ್ಯೆ ಕೊಡಿ, ಪುಟ ಒಂದೊಂದು ಪ್ರತಿಯಲ್ಲಿ ಒಂದೊಂದು ಥರ.

ಒಂದು ಎಚ್ಚರಿಕೆ. ನಮ್ಮ ತೀರ್ಪುಗಳ ಮೊದಲರ್ಧದಲ್ಲಿ ಅರ್ಜಿದಾರರು ಏನಂದರು, ಸರ್ಕಾರದ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಏನಿದೆ ಅನ್ನೋದನ್ನೆಲ್ಲ ಕೋರ್ಟು ತನ್ನದೇ ವಾಕ್ಯಗಳಲ್ಲಿ ಹೇಳುತ್ತೆ. ಅಲ್ಲಿಂದ ಒಂದು ಸಾಲು ಎತ್ತಿ ‘ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿದೆ’ ಅಂದ್ರೆ ವೈವಾದಲ್ಲಿ ಸಿಕ್ಕಿಬೀಳ್ತೀರಿ. ಅದು ವಕೀಲರ ವಾದ. ತೀರ್ಪಿನ ಮೇಲ್ಗಡೆ ಇರುವ ಸಾರಾಂಶ, ಅಂದ್ರೆ ಹೆಡ್‌ನೋಟ್ ಕೂಡ ಸಂಪಾದಕರು ಬರೆದದ್ದು, ನ್ಯಾಯಮೂರ್ತಿಗಳಲ್ಲ.

---

ಅಂಕಿಅಂಶ_ಆಚಾರಿ:

ಮೇಲಿನವರು ಹೇಳಿದ ವ್ಯಾಖ್ಯೆ ತಲೆಯಲ್ಲಿಟ್ಟುಕೊಂಡು ಅಂಕಿಗಳನ್ನ ಒಂದೊಂದಾಗಿ ಬಿಡಿಸೋಣ.

ಏಳು ಲಕ್ಷದ್ದು ಜನರ ಲೆಕ್ಕವೇ ಅಲ್ಲ. 2011ರ ಜನಗಣತಿಯ ಮನೆಪಟ್ಟಿ ಕೋಷ್ಟಕದಲ್ಲಿ ‘ಮಲವನ್ನು ಮನುಷ್ಯರು ತೆಗೆಯುವ’ ಶೌಚಾಲಯ ಇರುವ ಮನೆಗಳು 7,94,390. ಅದೇ ಕೋಷ್ಟಕದಲ್ಲಿ ಮಲ ನೇರ ಚರಂಡಿಗೆ ಬಿಡುವ ಮನೆಗಳು ಹದಿಮೂರು ಲಕ್ಷಕ್ಕೂ ಹೆಚ್ಚು. ಆ ಚರಂಡಿ ಬಾಚುವವರು ಯಾರು ಅಂತ ಕೋಷ್ಟಕ ಹೇಳಲ್ಲ, ಆದರೆ 2(1)(ಜಿ) ಪ್ರಕಾರ ಅವರೂ ಲೆಕ್ಕಕ್ಕೆ ಬರಬೇಕು. ಇನ್ನೊಂದು, ಮನೆಪಟ್ಟಿ ಮಾಡಿದ್ದು 2010ರಲ್ಲಿ, ಕಾಯ್ದೆಗಿಂತ ಮೊದಲು. ಆದ್ದರಿಂದ ಇದನ್ನ ಆರಂಭದ ಸ್ಥಿತಿ ತೋರಿಸೋಕೆ ಬಳಸಿ, ‘ಈಗ’ ಅನ್ನೋದಕ್ಕೆ ಬೇಡ. ಕೋಷ್ಟಕ ಜನಗಣತಿ ತಾಣದಲ್ಲಿ ಎಕ್ಸೆಲ್ ರೂಪದಲ್ಲಿದೆ, ಜಿಲ್ಲಾವಾರು ಕೂಡ. ಕರ್ನಾಟಕದ ಜಿಲ್ಲೆಗಳನ್ನ ಅಲ್ಲಿಂದ ತೆಗೆದು ನೀವೇ ಒಂದು ಕೋಷ್ಟಕ ಮಾಡಿದರೆ ಪ್ರಬಂಧಕ್ಕೆ ತೂಕ ಬರುತ್ತೆ.

58,098 ಮತ್ತು 66,692 ಎರಡೂ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ಸಂಸತ್ತಿನಲ್ಲಿ ಕೊಟ್ಟ ಅಂಕಿಗಳೇ, ಎರಡೂ 2021ರವು. ಎರಡೂ 2013 ಮತ್ತು 2018ರ ಸುತ್ತ ನಡೆದ ಸಮೀಕ್ಷೆಗಳಲ್ಲಿ ಗುರುತಾದವರು. ಒಂದನ್ನ ಸರಿ, ಇನ್ನೊಂದನ್ನ ತಪ್ಪು ಅಂತ ತೀರ್ಪು ಕೊಡೋಕೆ ಹೋಗಬೇಡಿ. ಯಾವ ಸದನ, ಯಾವ ದಿನ ಅಂತ ಹೇಳಿ ಎರಡನ್ನೂ ಕೊಡಿ. ಮುಖ್ಯವಾಗಿ ‘ಇದ್ದಾರೆ’ ಅಂತ ಬರೀಬೇಡಿ, ‘ಗುರುತಿಸಲಾಗಿದೆ’ ಅಂತ ಬರೀರಿ. ಸಮೀಕ್ಷೆಗೆ ಬಂದು ನಾನು ಈ ಕೆಲಸ ಮಾಡ್ತೀನಿ ಅಂತ ಒಪ್ಪಿಕೊಂಡು, ಸ್ಥಳೀಯ ಸಂಸ್ಥೆಯೂ ಹೌದು ಅಂದವರ ಲೆಕ್ಕ ಅದು. ತನ್ನ ವ್ಯಾಪ್ತಿಯಲ್ಲಿ ಕಾಯ್ದೆ ಮುರಿಯಲಾಗಿದೆ ಅಂತ ಬರೆದುಕೊಡೋಕೆ ಯಾವ ಪುರಸಭೆ ಮುಂದೆ ಬರುತ್ತೆ?

58,098ರ ಜೊತೆ ಬರುವ ಜಾತಿವಾರು ಲೆಕ್ಕದಲ್ಲಿ ದೊಡ್ಡ ಎಡವಟ್ಟು ನಡೆಯುತ್ತೆ. ‘58,098ರಲ್ಲಿ ಶೇ 97 ದಲಿತರು’ ಅಂತ ಎಲ್ಲೆಡೆ ಇದೆ. ಮೂಲ ಉತ್ತರ ತೆರೆದು ನೋಡಿ: ಜಾತಿ ವಿವರ ಸಿಕ್ಕಿದ್ದು 43,797 ಜನರದು ಮಾತ್ರ. ಅದರಲ್ಲಿ ಪರಿಶಿಷ್ಟ ಜಾತಿ 42,594, ಪರಿಶಿಷ್ಟ ಪಂಗಡ 421, ಹಿಂದುಳಿದ ವರ್ಗ 431, ಇತರರು 351. ಶೇ 97 ಬರೋದು 43,797ರ ಮೇಲೆ. ಉಳಿದ ಹದಿನಾಲ್ಕು ಸಾವಿರ ಚಿಲ್ಲರೆ ಜನರ ಜಾತಿ ಆ ಉತ್ತರದಲ್ಲಿಲ್ಲ. ವಾದ ಅಷ್ಟೇ ಗಟ್ಟಿಯಾಗಿರುತ್ತೆ, ವಾಕ್ಯ ಮಾತ್ರ ನೇರ ಮಾಡಿ.

ಸಾವುಗಳಿಗೂ ಇದೇ ಸೂತ್ರ. 340 ಅನ್ನೋದು ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡ ಐದು ವರ್ಷಗಳಲ್ಲಿ ಸತ್ತವರು, 2021ರ ಆರಂಭದಲ್ಲಿ ಲೋಕಸಭೆಗೆ ಕೊಟ್ಟ ಉತ್ತರ. ಅದೇ ವರ್ಷ ಜುಲೈನಲ್ಲಿ ಅದೇ ಸಚಿವಾಲಯ ರಾಜ್ಯಸಭೆಗೆ ‘ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್‌ನಿಂದ ಸಾವು ವರದಿಯಾಗಿಲ್ಲ’ ಅಂದಿತು. ಎರಡನ್ನೂ ಅಕ್ಕಪಕ್ಕ ಇಟ್ಟು, ಪ್ರಶ್ನೆಯ ಪಠ್ಯವನ್ನೂ ಉತ್ತರದ ಪಠ್ಯವನ್ನೂ ಪೂರ್ತಿ ಕೊಟ್ಟರೆ ಓದುಗರಿಗೆ ತಾವಾಗಿಯೇ ಗೊತ್ತಾಗುತ್ತೆ.

ಹುಡುಕೋ ಕ್ರಮ: ಸಂಸದ್ ತಾಣಕ್ಕೆ ಹೋಗಿ ಲೋಕಸಭೆ, ರಾಜ್ಯಸಭೆ ಎರಡನ್ನೂ ಬೇರೆಬೇರೆಯಾಗಿ ನೋಡಿ. ‘ಪ್ರಶ್ನೆಗಳು’ ವಿಭಾಗದಲ್ಲಿ ಸಚಿವಾಲಯ ಆರಿಸಿ, ಆಮೇಲೆ ಇಂಗ್ಲಿಷ್‌ನಲ್ಲಿ ಪದ ಹಾಕಿ. ಮ್ಯಾನ್ಯುಯಲ್ ಸ್ಕ್ಯಾವೆಂಜರ್ ಒಂದೇ ಸಾಲದು. ಸೀವರ್, ಸೆಪ್ಟಿಕ್ ಟ್ಯಾಂಕ್, ಹಜಾರ್ಡಸ್ ಕ್ಲೀನಿಂಗ್, ಸ್ಯಾನಿಟೇಷನ್ ವರ್ಕರ್, ಇನ್‌ಸ್ಯಾನಿಟರಿ ಲ್ಯಾಟ್ರಿನ್, ನಮಸ್ತೆ ಯೋಜನೆ (ಶುಚಿ ಕೆಲಸವನ್ನ ಯಂತ್ರದಿಂದ ಮಾಡಿಸುವ ಕೇಂದ್ರದ ಯೋಜನೆ), ಎಲ್ಲ ಒಂದೊಂದು ಸಲ ಹಾಕಿ. ಲೋಕಸಭೆಗೆ 16, 17, 18ನೇ ಲೋಕಸಭೆಗಳನ್ನ ಬೇರೆಬೇರೆ ಹುಡುಕಬೇಕು, ಇಲ್ಲದಿದ್ರೆ ಈಗಿನದು ಮಾತ್ರ ಬರುತ್ತೆ. ಯಂತ್ರೋಪಕರಣದ ಪ್ರಶ್ನೆಗಳು ವಸತಿ ಮತ್ತು ನಗರ ವ್ಯವಹಾರ ಸಚಿವಾಲಯಕ್ಕೆ, ಹಳಿ ಮೇಲಿನ ಮಲದ್ದು ರೈಲ್ವೆಗೆ ಹೋಗಿರುತ್ತವೆ. ರಾಜ್ಯವಾರು ಕೋಷ್ಟಕ ಉತ್ತರದ ಕೊನೆಯ ಅನುಬಂಧದಲ್ಲಿರುತ್ತೆ. ಅವಸರಕ್ಕೆ ಮೊದಲ ಪುಟ ಓದಿ ಮುಚ್ಚಿದವರಿಗೆ ಕರ್ನಾಟಕದ ಅಂಕಿ ಕಾಣಿಸೋದೇ ಇಲ್ಲ.

---

ಎಂಎ_ನಾಲ್ಕನೇ_ಸೆಮ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವ್ಯಾಖ್ಯೆಯ ಮೇಲೆ ಒಂದು ಅಧ್ಯಾಯ ಮಾಡ್ತೀನಿ. ಕನ್ನಡದ ಆಕರಗಳಿಗೆ ಬಂದಾಗ ಕೈ ಕಟ್ಟಿಹಾಕಿದ ಹಾಗಾಗುತ್ತೆ. ರಾಜ್ಯ ಸರ್ಕಾರದ ಒಂದು ಸುತ್ತೋಲೆ ಸಿಕ್ಕಿತು, ಪಿಡಿಎಫ್‌ನಲ್ಲಿ ಕನ್ನಡ ಸರಿಯಾಗೇ ಕಾಣುತ್ತೆ, ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ. ಹುಡುಕಿದ್ರೆ ಒಂದು ಪದವೂ ಸಿಗಲ್ಲ. ಪತ್ರಿಕೆ ವರದಿ ಎಷ್ಟರಮಟ್ಟಿಗೆ ಬಳಸಬಹುದು?

---

ಗ್ರಂಥಪಾಲಕ್ರು:

ಅದು ನುಡಿ ಫಾಂಟಿನ ಹಳೇ ಆಸ್ಕಿ ಕಡತ, ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ. ಕಾಪಿ ಮಾಡಿದ್ದನ್ನ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ. ಬಂದ ಪಠ್ಯವನ್ನ ಮೂಲದ ಜೊತೆ ಸಾಲು ಸಾಲು ಹೋಲಿಸಿ. ಒತ್ತಕ್ಷರ ಮತ್ತು ಅರ್ಕಾವತ್ತು ಜಾಗ ಬದಲಿಸುತ್ತವೆ, ಅಂಕಿ ಕೂಡ ಒಮ್ಮೊಮ್ಮೆ ಕೈಕೊಡುತ್ತೆ. ಸ್ಕ್ಯಾನ್ ಮಾಡಿದ ಚಿತ್ರ ಆಗಿದ್ರೆ ಪರಿವರ್ತಕದಿಂದ ಆಗಲ್ಲ. ಗೂಗಲ್ ಡ್ರೈವ್‌ಗೆ ಏರಿಸಿ ‘ಗೂಗಲ್ ಡಾಕ್ಸ್‌ನಲ್ಲಿ ತೆರೆ’ ಕೊಟ್ಟರೆ ಕನ್ನಡವನ್ನ ಓದಿ ಪಠ್ಯ ಮಾಡಿಕೊಡುತ್ತೆ, ಪುಟ ವಾರೆಯಾಗಿದ್ರೆ ಮೊದಲು ನೆಟ್ಟಗೆ ಮಾಡಿ. ಉದ್ಧರಣೆ ಮಾತ್ರ ಕಣ್ಣಲ್ಲಿ ನೋಡಿಯೇ ಟೈಪ್ ಮಾಡಿ.

ಇದರಿಂದ ಇನ್ನೊಂದು ಪರಿಣಾಮ: ಗೂಗಲ್ ಕೂಡ ಆ ಕಡತಗಳ ಒಳಗೆ ಕನ್ನಡ ಪದ ಕಾಣಲ್ಲ. ಅದಕ್ಕೇ ರಾಜ್ಯದ ಆದೇಶಗಳನ್ನ ಪದ ಹಾಕಿ ಹುಡುಕಬೇಡಿ, ಇಲಾಖೆ ತಾಣದಲ್ಲಿ ಪಟ್ಟಿ ತೆರೆದು ದಿನಾಂಕದ ಪ್ರಕಾರ ಇಳಿದು ನೋಡಿ. ಸಮಾಜ ಕಲ್ಯಾಣ ಇಲಾಖೆ, ಪೌರಾಡಳಿತ ನಿರ್ದೇಶನಾಲಯ, ರಾಜ್ಯ ಸಫಾಯಿ ಕರ್ಮಚಾರಿ ಆಯೋಗ, ಸಫಾಯಿ ಕರ್ಮಚಾರಿ ಅಭಿವೃದ್ಧಿ ನಿಗಮ, ಬೆಂಗಳೂರು ಜಲಮಂಡಳಿ ಇವು ಮುಖ್ಯ. 1973ರ ನವೆಂಬರ್ 1ಕ್ಕಿಂತ ಹಿಂದಿನದು ಬೇಕಿದ್ರೆ ಕರ್ನಾಟಕ ಅಂತ ಹುಡುಕಿದ್ರೆ ಸಿಗಲ್ಲ, ಮೈಸೂರು ಗೆಜೆಟ್, ಮೈಸೂರು ವಿಧಾನಸಭೆ ಅಂತ ಹುಡುಕಬೇಕು.

ಕನ್ನಡ ಪತ್ರಿಕೆ ಹುಡುಕುವಾಗ ಕಾಯ್ದೆಯ ಭಾಷೆ ಬೇಡ. ಯಾವ ವರದಿಗಾರರೂ ‘ಅಪಾಯಕಾರಿ ಶುಚಿಕಾರ್ಯ’ ಅಂತ ಬರೆಯಲ್ಲ. ‘ಮ್ಯಾನ್‌ಹೋಲ್‌ಗೆ ಇಳಿದ’, ‘ಉಸಿರುಗಟ್ಟಿ ಸಾವು’, ‘ಯುಜಿಡಿ ಕಾರ್ಮಿಕ’ (ಯುಜಿಡಿ ಅಂದ್ರೆ ಒಳಚರಂಡಿ), ‘ಮಲದ ಗುಂಡಿ’, ‘ಪೌರಕಾರ್ಮಿಕ ಸಾವು’ ಹಾಕಿ. ಮ್ಯಾನ್‌ಹೋಲ್ ಪದವನ್ನ ಮೂರು ಥರ ಟೈಪ್ ಮಾಡಿ: ನಡುವೆ ಜಾಗ ಬಿಟ್ಟು, ಬಿಡದೆ, ಮತ್ತು ಒತ್ತಕ್ಷರವಾಗಿ ‘ಮ್ಯಾನ್ಹೋಲ್’ ಅಂತ. ಅರ್ಧಾಕ್ಷರ ಬಿಡಿಸಿಡುವ ಕಾಣದ ಚಿಹ್ನೆಯೊಂದು ಕೆಲವು ತಾಣಗಳಲ್ಲಿರುತ್ತೆ, ಕೆಲವದರಲ್ಲಿ ಇರಲ್ಲ, ಹಾಗಾಗಿ ಒಂದರಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಸಿಗಲ್ಲ.

ಪತ್ರಿಕೆ ವರದಿಯನ್ನ ಸುಳಿವಾಗಿ ಇಟ್ಟುಕೊಳ್ಳಿ, ಪುರಾವೆಯಾಗಿ ಬೇಡ ಅನ್ನೋದು ನನ್ನ ಸಲಹೆ. ಘಟನೆ ದಿನ, ಠಾಣೆ, ಗುತ್ತಿಗೆದಾರನೋ ಸಂಸ್ಥೆಯೋ, ಇಷ್ಟು ಅಲ್ಲಿಂದ ತಗೊಂಡು ದಾಖಲೆ ಕಡೆ ಹೋಗಿ.

ಪಾಂಡಿತ್ಯದ ಲೇಖನಗಳಿಗೆ: ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳು ಪೂರ್ತಿ ಉಚಿತ, ಕರ್ನಾಟಕದ ವಿಶ್ವವಿದ್ಯಾಲಯಗಳದ್ದೂ ಇವೆ. ಅವನ್ನ ನೇರ ಉಲ್ಲೇಖಿಸೋದಕ್ಕಿಂತ ಕೊನೆಯ ಗ್ರಂಥಋಣ ಪಟ್ಟಿ ತೆರೆದು ಅಲ್ಲಿಂದ ಮೂಲಕ್ಕೆ ಹೋಗೋದು ಲಾಭ. ಜೆಸ್ಟೋರ್ ಎಂಬ ಲೇಖನ ಸಂಗ್ರಹ ತಾಣದಲ್ಲಿ ಖಾಸಗಿ ಇಮೇಲ್‌ನಿಂದ ಉಚಿತ ಖಾತೆ ಮಾಡಿದ್ರೆ ತಿಂಗಳಿಗೆ ಇಂತಿಷ್ಟು ಲೇಖನ ಪರದೆಯ ಮೇಲೇ ಓದಬಹುದು. ಇಪಿಡಬ್ಲ್ಯೂ (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ) ಹಳೇ ಸಂಚಿಕೆಗಳು ಅಲ್ಲಿವೆ.

ಸಿಕ್ಕಿದ್ದನ್ನ ಅವತ್ತೇ ಉಳಿಸಿ. ಸರ್ಕಾರಿ ತಾಣ ಹೊಸ ವಿನ್ಯಾಸಕ್ಕೆ ಬದಲಾದ ದಿನ ಹಳೇ ಲಿಂಕ್ ಎಲ್ಲ ಸಾಯುತ್ತವೆ. ಪಿಡಿಎಫ್ ಇಳಿಸಿಕೊಳ್ಳಿ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ‘ಸೇವ್ ಪೇಜ್’ ಕೊಟ್ಟು ಆ ಲಿಂಕನ್ನೂ ಟಿಪ್ಪಣಿಗೆ ಸೇರಿಸಿ, ನೋಡಿದ ದಿನಾಂಕ ಬರೆದಿಡಿ. ಆಕರಪಟ್ಟಿ ಮಾಡುವ ತಂತ್ರಾಂಶ ಝೊಟೇರೋ ಬಳಸೋದಾದ್ರೆ ಆಯೋಗ, ಸಚಿವಾಲಯದ ಹೆಸರನ್ನ ಲೇಖಕರ ಒಂದೇ ಖಾನೆಗೆ ಹಾಕುವ ಆಯ್ಕೆ ಒತ್ತಿ. ಎರಡು ಖಾನೆ ಹಾಗೇ ಬಿಟ್ಟರೆ ಪಟ್ಟಿಯಲ್ಲಿ ‘ಆಯೋಗ, ರಾಷ್ಟ್ರೀಯ ಮಾನವ ಹಕ್ಕುಗಳ’ ಅಂತ ಮುದ್ರಣ ಆಗುತ್ತೆ.

---

ಕೋಲಾರದ_ಕಡೆಯವ:

ಗ್ರಂಥಪಾಲಕ್ರೇ, ಪತ್ರಿಕೆ ವಿಷಯದಲ್ಲಿ ಪೂರ್ತಿ ಒಪ್ಪಲ್ಲ. ಈ ವಿಷಯದಲ್ಲಿ ದಾಖಲೆ ಇಲ್ಲದಿರೋದೇ ಸಮಸ್ಯೆ. ಗುಂಡಿಯಲ್ಲಿ ಸತ್ತ ಪ್ರಕರಣ ಠಾಣೆಯಲ್ಲಿ ಬರೀ ಯುಡಿಆರ್, ಅಂದ್ರೆ ಅಸಹಜ ಸಾವು ಅಂತ ದಾಖಲಾದ್ರೆ ಅದು ಎಫ್‌ಐಆರೇ ಅಲ್ಲ, ಕಾಯ್ದೆಯ ಲೆಕ್ಕಕ್ಕೂ ಬರಲ್ಲ. ಅಂಥ ಸಾವು ನಡೆದಿತ್ತು ಅನ್ನೋದಕ್ಕೆ ಮಾರನೇ ದಿನದ ಜಿಲ್ಲಾ ಪುಟದ ನಾಲ್ಕು ಸಾಲೇ ಉಳಿಯೋದು. ಎರಡು ಬೇರೆ ಪತ್ರಿಕೆಗಳಲ್ಲಿ, ಒಂದರ ನಕಲು ಇನ್ನೊಂದಲ್ಲದ ವರದಿ ಇದ್ರೆ ಧೈರ್ಯವಾಗಿ ಬಳಸಿ, ‘ಪತ್ರಿಕಾ ವರದಿ ಪ್ರಕಾರ’ ಅಂತ ಹೇಳಿ ಬಳಸಿ. ಎರಡರಲ್ಲೂ ಪದಕ್ಕೆ ಪದ ಒಂದೇ ಇದ್ರೆ ಅದು ಏಜೆನ್ಸಿ ಸುದ್ದಿ, ಒಂದೇ ಆಕರ.

ಎಫ್‌ಐಆರ್ ಆಗಿದ್ರೆ ಕರ್ನಾಟಕ ರಾಜ್ಯ ಪೊಲೀಸ್ ತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಹಾಕಿ ನೋಡಬಹುದು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನ ಆನ್‌ಲೈನ್‌ಗೆ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದರಲ್ಲಿ ನೋಡಬೇಕಾದ್ದು ಯಾವ ಕಲಂ ಹಾಕಿದ್ದಾರೆ ಅನ್ನೋದು. ಬರೀ ಐಪಿಸಿ 304ಎ (2024ರ ಜುಲೈ 1ರಿಂದ ಐಪಿಸಿ ಬದಲು ಬಂದ ಬಿಎನ್‌ಎಸ್‌ನ 106) ಇದ್ರೆ ಅದು ಅಜಾಗರೂಕತೆಯ ಸಾವು ಅಷ್ಟೇ. 2013ರ ಕಾಯ್ದೆಯ 7 ಮತ್ತು 9 ಇದೆಯಾ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆ) ಇದೆಯಾ ನೋಡಿ. ಒಂದು ಜಿಲ್ಲೆಯ ಐದಾರು ಪ್ರಕರಣ ಹೀಗೆ ಕಲಂವಾರು ಕೋಷ್ಟಕ ಮಾಡಿದ್ರೆ ಅದೇ ನಿಮ್ಮ ಸ್ವಂತ ಸಂಶೋಧನೆ.

ಆರ್‌ಟಿಐ: ಬರುತ್ತೆ, ಆದ್ರೆ ಇವತ್ತೇ ಹಾಕಬೇಕು. 30 ದಿನ ಗಡುವು, ನಿಮ್ಮ ಹತ್ರ ಐದು ವಾರ. ತಪ್ಪು ಕಚೇರಿಗೆ ಹೋದ್ರೆ ಆರ್‌ಟಿಐ ಕಾಯ್ದೆಯ 6(3)ರಡಿ ವರ್ಗಾಯಿಸೋಕೆ ಐದು ದಿನ. ಮೇಲ್ಮನವಿಗೆ ಹೋಗೋಷ್ಟು ಟೈಮ್ ಇಲ್ಲ. ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂ. ಎರಡು ವಿಷಯ ಸೇರಿಸಿದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ‘ಏಕೆ ಕ್ರಮ ಕೈಗೊಂಡಿಲ್ಲ’ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ, ವಿವರಣೆ ಕೇಳಿದ ಹಾಗೆ. ಕಡತದಲ್ಲಿ ಇರುವ ಕಾಗದ ಕೇಳಿ. ನಾನಾದ್ರೆ ಕೇಳೋದು ಇದೊಂದೇ: ಕಾಯ್ದೆಯ 24ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಇರಬೇಕು, ಮೂರು ತಿಂಗಳಿಗೊಮ್ಮೆಯಾದ್ರೂ ಸೇರಬೇಕು. ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ‘ಕಳೆದ ಮೂರು ವರ್ಷಗಳಲ್ಲಿ ಈ ಸಮಿತಿ ನಡೆಸಿದ ಸಭೆಗಳ ನಡಾವಳಿಯ ದೃಢೀಕೃತ ಪ್ರತಿ ಒದಗಿಸಿ’ ಅಂತ ಹಾಕಿ. ಹನ್ನೆರಡು ನಡಾವಳಿ ಬರಬೇಕು. ಎಷ್ಟು ಬರುತ್ತೆ ಅನ್ನೋದೇ ನಿಮ್ಮ ದತ್ತಾಂಶ. ಏನೂ ಬರದಿದ್ರೂ ಸ್ವೀಕೃತಿಯ ಪ್ರತಿ, ದಿನಾಂಕ ಇಟ್ಟುಕೊಂಡು ಪ್ರಬಂಧದಲ್ಲಿ ಹಾಗೇ ಬರೀರಿ.

ಕರ್ನಾಟಕದ ಹಿನ್ನೆಲೆಗೆ ಮೂರು ಎಳೆ ಹಿಡೀರಿ. ದೇವರಾಜ ಅರಸು ಸರ್ಕಾರದ ಕಾಲದಲ್ಲಿ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಲು ಹೊರಟದ್ದು, ಅದೇ ದಶಕದ ಐ.ಪಿ.ಡಿ. ಸಾಲಪ್ಪ ಸಮಿತಿಯ ಪೌರಕಾರ್ಮಿಕರ ವರದಿ. ಎರಡನೇದು ಕೆಜಿಎಫ್: ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಹುಟ್ಟಿದ್ದು ಅಲ್ಲೇ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೂರನೇದು ಸವಣೂರು: 2010ರ ಜುಲೈನಲ್ಲಿ ಭಂಗಿ ಸಮುದಾಯದವರು ತಾವಿದ್ದ ಜಾಗದಿಂದ ಒಕ್ಕಲೆಬ್ಬಿಸೋ ಯತ್ನದ ವಿರುದ್ಧ ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. 1993ರ ಕಾಯ್ದೆಗೆ ನಿರ್ಣಯ ಕೊಟ್ಟ ರಾಜ್ಯದಲ್ಲಿ ಇದು ನಡೆದದ್ದು ಅಂತ ಜೋಡಿಸಿ ನೋಡಿ.

ಸತ್ತವರ, ಅವರ ಮನೆಯವರ ಹೆಸರು ಪ್ರಬಂಧದಲ್ಲಿ ಬೇಡ. ಎಫ್‌ಐಆರ್‌ನಲ್ಲಿ ವಿಳಾಸ, ಜಾತಿ ಎಲ್ಲ ಇರುತ್ತೆ, ಸಾರ್ವಜನಿಕ ದಾಖಲೆ ಅಂತ ಅನುಬಂಧಕ್ಕೆ ಅಂಟಿಸಬೇಡಿ. ‘ಪ್ರಕರಣ 1, ಪ್ರಕರಣ 2’ ಸಾಕು.

---

ಜಿನೀವಾ_ಕಡತ:

ಅಂತರರಾಷ್ಟ್ರೀಯ ಭಾಗಕ್ಕೆ ಎಲ್ಲರೂ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿ ಬರೆದು ಮುಗಿಸ್ತಾರೆ. ಅದು ಒಪ್ಪಂದವಲ್ಲ. ಭಾರತ ಬದ್ಧವಾಗಿರೋದು ಒಪ್ಪಂದಗಳಿಗೆ: 1966ರ ಎರಡು ಒಡಂಬಡಿಕೆಗಳಿಗೆ (ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದು, ಇನ್ನೊಂದು ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದು) ನಾವು ಸೇರಿದ್ದು 1979ರ ಏಪ್ರಿಲ್ 10ರಂದು, ಜನಾಂಗೀಯ ತಾರತಮ್ಯ ನಿರ್ಮೂಲನಾ ಒಪ್ಪಂದವನ್ನ ಅನುಮೋದಿಸಿದ್ದು 1968ರಲ್ಲಿ. ಈ ಕೊನೆಯದರಲ್ಲಿ ‘ವಂಶ’ ಎಂಬ ಪದದಡಿ ಜಾತಿ ಬರುತ್ತೆ ಅಂತ ಅದರ ಸಮಿತಿ 2002ರ 29ನೇ ಸಾಮಾನ್ಯ ಶಿಫಾರಸಿನಲ್ಲಿ ಹೇಳಿದೆ, ಭಾರತ ಸರ್ಕಾರ ಬರಲ್ಲ ಅನ್ನುತ್ತೆ. 2007ರಲ್ಲಿ ಭಾರತದ ಬಗ್ಗೆ ಸಮಿತಿ ಕೊಟ್ಟ ಸಮಾರೋಪ ಅಭಿಪ್ರಾಯದ ದಾಖಲೆ ಸಂಖ್ಯೆ ಸಿಇಆರ್‌ಡಿ/ಸಿ/ಐಎನ್‌ಡಿ/ಸಿಒ/19. ಈ ಸಂಖ್ಯೆಯನ್ನ ಇಂಗ್ಲಿಷ್ ಅಕ್ಷರದಲ್ಲಿ ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಹಾಕಿದ್ರೆ ನೇರ ಸಿಗುತ್ತೆ, ಶೀರ್ಷಿಕೆ ಹಾಕಿ ಒದ್ದಾಡಬೇಡಿ.

ಪ್ರತಿ ದೇಶದ ಮಾನವ ಹಕ್ಕುಗಳ ಸ್ಥಿತಿಯನ್ನ ವಿಶ್ವಸಂಸ್ಥೆಯಲ್ಲಿ ಸರದಿಯಂತೆ ನೋಡುವ ಸಾರ್ವತ್ರಿಕ ಆವರ್ತ ಪರಿಶೀಲನೆಯಲ್ಲಿ (ಯುಪಿಆರ್) ಭಾರತದ ಸರದಿ 2008, 2012, 2017, 2022ರಲ್ಲಿ ಬಂದಿದೆ. ಪ್ರತಿ ಸಲ ಮೂರು ಕಡತ, ಸಂಖ್ಯೆಯ ತುದಿಯಲ್ಲೇ ವ್ಯತ್ಯಾಸ: 1 ಅಂದ್ರೆ ಸರ್ಕಾರದ ವರದಿ, 2 ವಿಶ್ವಸಂಸ್ಥೆಯ ಸಂಕಲನ, 3 ಸಂಘಸಂಸ್ಥೆಗಳು ಕೊಟ್ಟದ್ದರ ಸಾರಾಂಶ. 3ರಲ್ಲಿರೋದನ್ನ ‘ವಿಶ್ವಸಂಸ್ಥೆ ಹೇಳಿದೆ’ ಅಂತ ಬರೆಯೋದು ದೊಡ್ಡ ತಪ್ಪು, ಅಲ್ಲಿ ವಿಶ್ವಸಂಸ್ಥೆ ಬರೀ ಒಟ್ಟು ಮಾಡಿದೆ. ಕೊನೆಗೆ ಬೇರೆ ದೇಶಗಳು ಕೊಟ್ಟ ಶಿಫಾರಸುಗಳಿಗೆ ಭಾರತ ‘ಬೆಂಬಲಿಸಿದೆ’ ಅಥವಾ ‘ಗಮನಿಸಿದೆ’ ಅಂತ ಉತ್ತರಿಸುತ್ತೆ. ಗಮನಿಸಿದೆ ಅಂದ್ರೆ ಒಪ್ಪಿಲ್ಲ ಅಂತಲೇ ಲೆಕ್ಕ.

ನೀರು ಮತ್ತು ನೈರ್ಮಲ್ಯದ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಲಿಯೋ ಹೆಲ್ಲರ್ 2017ರಲ್ಲಿ ಭಾರತಕ್ಕೆ ಬಂದಿದ್ರು, ವರದಿ 2018ರಲ್ಲಿ ಮಾನವ ಹಕ್ಕುಗಳ ಮಂಡಳಿಗೆ ಹೋಯಿತು. ಅದೂ, ಹ್ಯೂಮನ್ ರೈಟ್ಸ್ ವಾಚ್‌ನ 2014ರ ಆಗಸ್ಟ್ ವರದಿಯೂ ನಿಮಗೆ ಬೇಕು. ಸಂಸ್ಥೆಗಳ ವರದಿ ತೆರೆದ ಕೂಡಲೇ ಮೊದಲು ವಿಧಾನದ ಪುಟ ಓದಿ: ಯಾವ ರಾಜ್ಯಗಳಲ್ಲಿ, ಯಾರನ್ನ, ಯಾವ ತಿಂಗಳಲ್ಲಿ ಮಾತಾಡಿಸಿದ್ರು. ಕರ್ನಾಟಕದಲ್ಲಿ ಕೆಲಸವೇ ನಡೆಯದ ವರದಿಯಿಂದ ಕರ್ನಾಟಕದ ಬಗ್ಗೆ ತೀರ್ಮಾನ ಎಳೆಯೋಕೆ ಬರಲ್ಲ. ವಿಧಾನದ ಪುಟವೇ ಇಲ್ಲದ ವರದಿಯನ್ನ ಪಕ್ಕಕ್ಕಿಡಿ.

---

ಎಂಎ_ನಾಲ್ಕನೇ_ಸೆಮ್:

ಆರ್‌ಟಿಐ ಇವತ್ತೇ ಹಾಕ್ತೀನಿ. ಕೊನೇ ಪ್ರಶ್ನೆ: ಸಂಸತ್ತಿನ ಉತ್ತರವನ್ನ ಅಡಿಟಿಪ್ಪಣಿಯಲ್ಲಿ ಹೇಗೆ ಬರೆಯೋದು? ಲೇಖಕರು ಅಂತ ಯಾರನ್ನ ಹಾಕಲಿ, ಪ್ರಶ್ನೆ ಕೇಳಿದ ಸಂಸದರನ್ನಾ, ಉತ್ತರ ಕೊಟ್ಟ ಸಚಿವರನ್ನಾ?

---

ಅಂಕಿಅಂಶ_ಆಚಾರಿ:

ಇಬ್ಬರನ್ನೂ ಅಲ್ಲ, ಸಚಿವಾಲಯವನ್ನ. ಕ್ರಮ ಹೀಗೆ: ಭಾರತ ಸರ್ಕಾರ, ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ, ಸದನದ ಹೆಸರು, ಚುಕ್ಕೆ ಗುರುತಿನದೋ (ಮೌಖಿಕ ಉತ್ತರ) ಚುಕ್ಕೆರಹಿತವೋ (ಲಿಖಿತ ಉತ್ತರ), ಪ್ರಶ್ನೆ ಸಂಖ್ಯೆ, ಉತ್ತರಿಸಿದ ದಿನಾಂಕ, ಅನುಬಂಧದಿಂದ ತೆಗೆದಿದ್ರೆ ‘ಅನುಬಂಧ’ ಅಂತ ಸೇರಿಸಿ. ದಿನಾಂಕ ಬಿಡಲೇಬೇಡಿ. ಪ್ರಶ್ನೆ ಸಂಖ್ಯೆ ಪ್ರತಿ ಅಧಿವೇಶನಕ್ಕೂ ಮತ್ತೆ ಒಂದರಿಂದ ಶುರುವಾಗುತ್ತೆ, ಬರೀ ಸಂಖ್ಯೆ ಕೊಟ್ಟರೆ ಗೈಡ್ ಹುಡುಕಿದಾಗ ಇನ್ಯಾವುದೋ ಇಲಾಖೆಯ ಉತ್ತರ ಸಿಗುತ್ತೆ.